ಸೂರ್ಯಕಲೆಯಲ್ಲಿ ಓರೆಯಾದ ಗೆರೆ

ಬಿಸಿಲನ್ನು ಅಶ್ರಗದ ಮೂಲಕ ಹಾಯಿಸಿದರೆ ಏಳು ಬಣ್ಣಗಳ ಪಟ್ಟಿ ಮೂಡುತ್ತದೆಂಬುದು ಶಾಲೆಯ ಪಾಠ. ಆ ಪಟ್ಟಿಯ ನಡುನಡುವೆ ನೂರಾರು ಕಪ್ಪು ಗೆರೆಗಳಿವೆ. ಜರ್ಮನಿಯ ಗಾಜು ತಯಾರಕ ಫ್ರಾನ್‌ಹೋಫರ್ 1814ರ ಸುಮಾರಿಗೆ ಅವುಗಳ ನಕ್ಷೆ ಬರೆಯಲು ತೊಡಗಿದ್ದರು. ಸೂರ್ಯನ ಹೊರಪದರದಲ್ಲಿರುವ ಕಬ್ಬಿಣ, ಸೋಡಿಯಂ ಮುಂತಾದ ಧಾತುಗಳು ತಮಗೆ ಹೊಂದುವ ಬಣ್ಣವನ್ನು ಹೀರಿಕೊಂಡಾಗ ಆಗುವ ಗೆರೆಗಳಿವು. ಅಲ್ಲಿನ ಅನಿಲ ನಮ್ಮತ್ತ ಬರುತ್ತಿದ್ದರೆ ಗೆರೆ ನೀಲಿಯ ಕಡೆಗೂ ದೂರ ಸರಿಯುತ್ತಿದ್ದರೆ ಕೆಂಪಿನ ಕಡೆಗೂ ತುಸು ಜರುಗುತ್ತದೆ.

ಈ ಜರುಗನ್ನು ಓದಿ ಹೆಸರಾದವರು ಜಾನ್ ಎವರ್‌ಶೆಡ್. ಇಂಗ್ಲೆಂಡಿನಲ್ಲಿ ಅವರ ಉದ್ಯೋಗ ರಾಸಾಯನಿಕ ವಿಶ್ಲೇಷಣೆ. ಸೂರ್ಯವೀಕ್ಷಣೆ ಬಿಡುವಿನ ಹವ್ಯಾಸ. 1898ರ ಗ್ರಹಣದ ರೋಹಿತ ಚಿತ್ರ ತೆಗೆಯಲು ಭಾರತಕ್ಕೂ ಬಂದಿದ್ದರು. 1907ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನೌಕರಿಗೆ ಸೇರಿದಾಗ ವಯಸ್ಸು 40 ದಾಟಿತ್ತು.

1908ರಲ್ಲಿ ಅಮೆರಿಕದ ಹೇಲ್ ತೆಗೆದ ಚಿತ್ರಗಳಲ್ಲಿ ಸೂರ್ಯಕಲೆಗಳ ಸುತ್ತ ಸುಳಿಯಂಥ ಆಕಾರ ಕಂಡಿತ್ತು. ಕಲೆ ನಿಜಕ್ಕೂ ಸುಳಿಯಾಗಿದ್ದರೆ ಗೆರೆಗಳು ಅದನ್ನು ಹೇಳಲೇಬೇಕು. ಎವರ್‌ಶೆಡ್ ಅದನ್ನೇ ಹುಡುಕಿದರು. 1909ರ ಜನವರಿ 5ರಂದು ಕಲೆಯೊಂದರ ಮೇಲೆ ರೋಹಿತದರ್ಶಕದ ಸಪೂರ ಕಿಂಡಿಯನ್ನು ನಿಲ್ಲಿಸಿದಾಗ, ಕಪ್ಪು ನಡುಭಾಗವನ್ನು ಸುತ್ತುವರಿದ ಮಬ್ಬು ವಲಯದಲ್ಲಿ ಗೆರೆಗಳು ಓರೆಯಾಗಿದ್ದವು. ಸುಳಿ ಸಿಕ್ಕಿತೆಂದು ಅಲ್ಲಿಗೇ ಮುಗಿಸಬಹುದಿತ್ತು. ಅವರು ಮುಗಿಸಲಿಲ್ಲ.

ಕಿಂಡಿಯನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ನೋಡಿದರು. ಸೂರ್ಯಬಿಂಬದ ಮಧ್ಯದಿಂದ ಅಂಚಿಗೆ ಹೋಗುವ ದಿಕ್ಕಿನಲ್ಲಿಟ್ಟರೆ ಗೆರೆ ಓರೆ: ಮಧ್ಯದ ಕಡೆಯ ಪಕ್ಕ ನೀಲಿಗೆ, ಅಂಚಿನ ಕಡೆಯ ಪಕ್ಕ ಕೆಂಪಿಗೆ. ಅಡ್ಡಲಾಗಿಟ್ಟರೆ ಗೆರೆ ನೆಟ್ಟಗೆ. ಸುಳಿಯಾಗಿದ್ದರೆ ಇದು ತಿರುವುಮುರುವಾಗಬೇಕಿತ್ತು! ಬಿಂಬದ ನಡುವಿನ ಕಲೆಗಳಲ್ಲಿ ಜರುಗೇ ಇಲ್ಲ. ಅಂದರೆ ಅನಿಲ ಸುತ್ತುತ್ತಿಲ್ಲ. ಕಲೆಯ ನಡುವಿನಿಂದ ಎಲ್ಲ ಕಡೆಗೂ, ಸೂರ್ಯನ ಮೇಲ್ಮೈಗೆ ಸಮಾನಾಂತರವಾಗಿ ಹೊರಕ್ಕೆ ಹರಿಯುತ್ತಿದೆ. ವೇಗ ಸೆಕೆಂಡಿಗೆ ಸುಮಾರು 2 ಕಿಲೋಮೀಟರ್. ಆ ವೇಗಕ್ಕೆ ಗೆರೆ ಜರುಗುವುದು ಅದರ ತರಂಗಾಂತರದ ಒಂದೂವರೆ ಲಕ್ಷದಲ್ಲಿ ಒಂದು ಪಾಲು ಮಾತ್ರ. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು, ಸಿಕ್ಕಿದ್ದನ್ನೇ ಪ್ರಕಟಿಸಿದರು. 'ಎವರ್‌ಶೆಡ್ ಪರಿಣಾಮ' ಎಂಬ ಹೆಸರು ಅದಕ್ಕೆ ಇಂದಿಗೂ ಉಳಿದಿದೆ.

ಆ ವೀಕ್ಷಣಾಲಯ ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಡಳಿತದಲ್ಲಿದೆ. ಹವ್ಯಾಸಿಗಳೂ ಮನೆಯಲ್ಲಿ ರೋಹಿತದರ್ಶಕ ಕಟ್ಟುತ್ತಾರೆ. (ಸೂರ್ಯನತ್ತ ನೇರವಾಗಿ ಕಣ್ಣಿಟ್ಟು ನೋಡುವಂತಿಲ್ಲ, ಕ್ಯಾಮೆರಾ ಬೇಕು.) ಸೂರ್ಯನ ಸಮಭಾಜಕ ತಿರುಗುವ ವೇಗವೂ ಸೆಕೆಂಡಿಗೆ ಸುಮಾರು 2 ಕಿಲೋಮೀಟರೇ. ಹಾಗಾಗಿ ಬಿಂಬದ ಪೂರ್ವ, ಪಶ್ಚಿಮ ಅಂಚುಗಳ ರೋಹಿತಗಳನ್ನು ಒಂದರ ಕೆಳಗೊಂದು ಇಟ್ಟರೆ ಕಬ್ಬಿಣದ ಗೆರೆಗಳು ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತವೆ. ಕೆಂಪು ಭಾಗದ ಕೆಲವು ಗೆರೆಗಳು ಮಾತ್ರ ಎರಡರಲ್ಲೂ ಕದಲುವುದಿಲ್ಲ. ಅವು ಸೂರ್ಯನವಲ್ಲ, ನಮ್ಮ ತಲೆಯ ಮೇಲಿನ ಗಾಳಿಯ ಆಮ್ಲಜನಕದ್ದು.