ಸೇವಾ ಕೇಂದ್ರಗಳ ನೌಕರರಿಗೆ ಪಾಡ್‌ಕಾಸ್ಟ್: ಲಕ್ಕುಂಡಿಯ ಪಾಠ

ಲಕ್ಕುಂಡಿಯಲ್ಲಿ ಕ್ರಿ.ಶ. 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಕೃತಿ ರಚನೆಯಾದರೆ ಸಾಲದು, ಅದು ಬೇಕಾದವರ ಕೈಸೇರಬೇಕು. ಧ್ವನಿ ಮಾಧ್ಯಮಕ್ಕೂ ಈ ಮಾತು ಅನ್ವಯಿಸುತ್ತದೆ.

ಬಿಡುವಾದಾಗ ಆಲಿಸಬಹುದಾದ, ಕಂತುಗಳಲ್ಲಿ ಬರುವ ಧ್ವನಿ ಕಾರ್ಯಕ್ರಮವೇ ಪಾಡ್‌ಕಾಸ್ಟ್. 2004ರಲ್ಲಿ ಹುಟ್ಟಿದ ಪದವಿದು. ಕಂಪನಿಯೊಂದರ ಎಲ್ಲ ಶಾಖೆಗಳ ಲೆಕ್ಕಪತ್ರ, ವೇತನ, ಖರೀದಿ ಕೆಲಸಗಳನ್ನು ಒಂದೆಡೆ ನಿರ್ವಹಿಸುವ ವ್ಯವಸ್ಥೆ ಹಂಚಿಕೆಯ ಸೇವಾ ಕೇಂದ್ರ. ಇದರ ವಿಸ್ತೃತ ರೂಪವಾದ ಜಾಗತಿಕ ಸಾಮರ್ಥ್ಯ ಕೇಂದ್ರಗಳಿಗಾಗಿ ರಾಜ್ಯ ಸರ್ಕಾರ 2024ರಲ್ಲಿ ಪ್ರತ್ಯೇಕ ನೀತಿ ಪ್ರಕಟಿಸಿತು. 2029ರೊಳಗೆ 500 ಹೊಸ ಕೇಂದ್ರಗಳು ಹಾಗೂ ಬೆಂಗಳೂರಿನಾಚೆಗೂ ವಿಸ್ತರಣೆ ಅದರ ಗುರಿ.

ಈ ನೌಕರರಿಗಾಗಿ ಪಾಡ್‌ಕಾಸ್ಟ್ ಆರಂಭಿಸುವವರು ಮೊದಲು ಕೇಳುಗರು ಯಾರೆಂಬುದನ್ನು ನಿರ್ಧರಿಸಬೇಕು. ಮೂರು-ನಾಲ್ಕು ಕಂತುಗಳನ್ನು ಮುಂಚಿತವಾಗಿ ಧ್ವನಿಮುದ್ರಿಸಿಕೊಂಡರೆ ನಿಗದಿತ ದಿನ ತಪ್ಪದು. ಅತಿಥಿಗಳು ತಮ್ಮ ಸಂಸ್ಥೆಯ ಲಿಖಿತ ಅನುಮತಿ ಪಡೆಯುವುದು ಹಾಗೂ ಗ್ರಾಹಕರ ಗೋಪ್ಯ ವಿವರಗಳನ್ನು ಹೊರಗೆಡಹದಿರುವುದು ಅತ್ಯಗತ್ಯ. ಇಲ್ಲಿ ಎಡವಿದರೆ ನೌಕರಿಗೇ ಸಂಚಕಾರ.

ಯಂತ್ರಗಳು ಲೆಕ್ಕ ಬರೆಯತೊಡಗಿರುವ ಈ ಹೊತ್ತಿನಲ್ಲಿ ಮುಂದೇನು ಕಲಿಯಬೇಕೆಂಬುದೇ ಈ ನೌಕರರ ದೊಡ್ಡ ಪ್ರಶ್ನೆ. ಅದಕ್ಕೆ ಅನುಭವಿಗಳ ಉತ್ತರ ಕನ್ನಡದಲ್ಲೇ ದೊರೆತರೆ ಗದಗ, ಹುಬ್ಬಳ್ಳಿಯ ಪದವೀಧರರಿಗೂ ಆ ಬಾಗಿಲು ತೆರೆದೀತು.