ಮಸೆಗಲ್ಲು, ಈಳಿಗೆಮಣೆ, ನಮ್ಮ ಸೀಮೆಯ ಉಕ್ಕು

ನಮ್ಮ ಕಡೆ ಮನೆಗಳಲ್ಲಿ ಹರಿತ ಅಂದ್ರೆ ಮೂರು ಸಾಮಾನು: ಈಳಿಗೆಮಣೆ, ಮಚ್ಚು, ಕುಡ್ಲು. ಚಾಕು ಆಮೇಲೆ ಬಂದ ನೆಂಟ. ಆ ಪದವೂ ಪಾರ್ಸಿ ಕಡೆಯಿಂದ ಬಂದದ್ದೇ. ಈ ಸಾಮಾನುಗಳಿಗೆ ಹರಿತ ಎಲ್ಲಿಂದ ಬರ್ತಿತ್ತು, ಆ ವಿದ್ಯೆ ನಮ್ಮ ಕೈಯಿಂದ ಹೆಂಗೆ ಜಾರಿತು ಅಂತ ಈ ಸಲ ಬರೀತಿದೀನಿ. ಅಟ್ಟದ ಮೇಲೆ ತುಕ್ಕು ಹಿಡಿದಿರೋ ಈಳಿಗೆಮಣೇನ ಗುಜರಿಯವನಿಗೆ ಹಾಕೋ ಮುಂಚೆ ಓದ್ಬಿಡ್ರಮ್ಮ.

ಕಲ್ಯದ ಶಾಸನದಿಂದ್ಲೇ ಶುರು ಮಾಡೋಣ. 1368ರಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ್ದು ಅದರಲ್ಲಿ ಐತೆ. ಅಂಥದೇ ಶಾಸನ ಶ್ರವಣಬೆಳಗೊಳದಲ್ಲೂ ಐತೆ. ಎಲ್ಲರೂ ರಾಜಿಯ ಮಾತು ಆಡ್ತಾರೆ, ಉಳಿಯ ಮಾತು ಯಾರೂ ಆಡಲ್ಲ. ಕಲ್ಲಿನ ಮೇಲೆ ಅಕ್ಷರ ಕಡೆಯೋ ಉಳಿ ಬೇಗ ಮೊಂಡಾಗುತ್ತೆ. ಅದನ್ನ ಮತ್ತೆ ಕಾಯಿಸಿ, ಬಡಿದು, ನೀರಿಗೆ ಅದ್ದಿ ಹದ ಕೊಡಬೇಕು. ಕಲ್ಲುಕುಟಿಗರು ಎಲ್ಲಿರ್ತಾರೋ ಅಲ್ಲಿ ಪಕ್ಕದಲ್ಲೊಂದು ಕುಲುಮೆ ಇರ್ಲೇಬೇಕು. ಅಂದ್ರೆ ಶಾಸನ ಇರೋ ಊರೆಲ್ಲಾ ಹರಿತದ ವಿದ್ಯೆ ಗೊತ್ತಿದ್ದ ಊರೇ.

ಆ ಕುಲುಮೆಗೆ ಕಬ್ಬಿಣಕ್ಕೂ ಬರ ಇರ್ಲಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಕಬ್ಬಿಣ ಕರಗಿಸ್ತಿದ್ದ ತಾಲ್ಲೂಕುಗಳಲ್ಲಿ ನಮ್ಮ ಮಾಗಡಿಯೂ ಒಂದು. ಮಳೆ ನೀರು ಕೊಚ್ಚಿ ತಂದ ಕರಿಮರಳನ್ನ ತೊಳೆದು, ಸೌದೆ ಇದ್ದಲಿನ ಜೊತೆ ಕುಲುಮೆಗೆ ಸುರಿದು, ತಿದಿ ಊದಿ ಕಬ್ಬಿಣ ತೆಗೀತಿದ್ರು. ಇತ್ತ ಚನ್ನಪಟ್ಟಣ ಬರೀ ಬೊಂಬೆಗೆ ಹೆಸರಾಗಿದ್ದಲ್ಲ. ವೀಣೆಯಂಥ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗೂ ಹೆಸರುವಾಸಿ. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ತಂತಿಯ ವಿಷಯ ಬರೆದಿಟ್ಟವ್ನೆ.

ಉಕ್ಕು ಮಾಡೋ ಕ್ರಮ ಅಡುಗೆ ಮಾಡಿದಂಗೇ. ಮಣ್ಣಿನ ಪುಟ್ಟ ಕುಡಿಕೆಗೆ ಕಬ್ಬಿಣದ ತುಂಡು, ಒಸಿ ತಂಗಡಿ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿ ಗಂಟೆಗಟ್ಲೆ ಕಾಯಿಸೋರು. ಕಡ್ಡಿಯಲ್ಲಿರೋ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಗಟ್ಟಿ ಉಕ್ಕಾಗ್ತಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ‘ವೂಟ್ಜ್’ ಅಂತಾರೆ. ಅದು ನಮ್ಮ ‘ಉಕ್ಕು’ ಪದವೇ ಕೆಟ್ಟು ಆಗಿರೋದು ಅಂತ ಬಲ್ಲವರು ಹೇಳ್ತಾರೆ. ಇಂಥ ಉಕ್ಕು ಬೊಂಬಾಯಿಯಿಂದ ಲಂಡನ್ನಿಗೆ ಹೋಯ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಓದಿದ. ಜೇಮ್ಸ್ ಸ್ಟೊಡಾರ್ಟ್ ಅನ್ನೋ ಚಾಕು ತಯಾರಕ ಅದರಲ್ಲಿ ಪೆನ್ನಿನ ಚಾಕು ಮಾಡಿ ನೋಡಿದ. ಆಮೇಲೆ ರೇಜರು, ಡಾಕ್ಟರ ಕತ್ತಿ ಎಲ್ಲಾ ಭಾರತದ ಉಕ್ಕಲ್ಲೇ ಮಾಡ್ತೀನಿ ಅಂತ ತನ್ನ ಅಂಗಡಿ ಚೀಟಿಯಲ್ಲೇ ಹಾಕಿಸ್ಕೊಂಡ. ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ಅವನ ಜೊತೆ ಸೇರಿ 1820ರಲ್ಲಿ ಉಕ್ಕಿನ ಪ್ರಯೋಗಗಳನ್ನ ಪ್ರಕಟಿಸಿದ. ಅಷ್ಟರಲ್ಲಿ ಇಲ್ಲಿಗೆ ಬಿಲಾತಿಯ ಅಗ್ಗದ ಕಬ್ಬಿಣ ಬರೋಕೆ ಶುರುವಾಗಿತ್ತು, ಇದ್ದಲಿಗೆ ಕಾಡು ಕಮ್ಮಿಯಾಯ್ತು, ಕುಲುಮೆಗಳು ಒಂದೊಂದೇ ಆರಿದವು.

ಕರಗಿಸೋ ಕುಲುಮೆ ಆರಿದ್ರೂ ಹರಿತ ಉಳೀತು. ಊರಲ್ಲಿ ಅದಕ್ಕೆ ಮೂರು ಕೈ ಇದ್ವು. ಆಚಾರಿ ಕುಯ್ಲಿಗೆ ಮುಂಚೆ ಕುಡ್ಲಿಗೆ ಹಲ್ಲು ಹೊಡೆದು ಹದ ಹಾಕೋನು, ಕಣದಲ್ಲಿ ರಾಗಿ ಆಯ ತಗೊಳ್ಳೋನು. ಕ್ಷೌರದವರು ನುಣುಪು ಕಲ್ಲಿನ ಮೇಲೆ ಕತ್ತಿ ಆಡಿಸಿ, ಕೊನೆಗೆ ಚರ್ಮದ ಪಟ್ಟಿಗೆ ಎಳೆದು ಕನ್ನಡಿಯಂಗೆ ಹೊಳಪು ಕೊಡೋರು. ಮೂರನೆಯದು ಹೆಂಗಸರ ಕೈ. ಬಚ್ಚಲ ಹತ್ರದ ಮಸೆಗಲ್ಲಿಗೆ ನೀರು ಚುಮುಕಿಸಿ ಮಚ್ಚು ಉಜ್ಜೋಕೆ ಯಾರನ್ನೂ ಕಾಯ್ತಿರ್ಲಿಲ್ಲ.

ಸಾಣೆ ಹಿಡಿಯೋನ ಚಕ್ರವೂ ಹಳೇದೇ. ಕುರುಂದದ ಕಲ್ಲಿನ ಪುಡಿಯನ್ನ ಅರಗಿಗೆ ಬೆರೆಸಿ ಆ ಚಕ್ರ ಮಾಡೋರು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸೋದೂ ಅರಗೇ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕಾರ್ಬೊರಂಡಂ ಕಂಡುಹಿಡಿದ ಮೇಲೆ ಕುರುಂದದ ಜಾಗಕ್ಕೆ ಅದು ಬಂತು. ಈಗ ಅಂಗಡಿಯಲ್ಲಿ ಸಿಗೋ ಎರಡು ಬಣ್ಣದ ಮಸೆಗಲ್ಲೂ ಸಾಮಾನ್ಯವಾಗಿ ಅದೇ ಜಾತೀದು. ಚಕ್ರದ್ದೊಂದು ತೊಂದರೆ: ಜೋರಾಗಿ ಒತ್ತಿದ್ರೆ ಅಲಗು ಕಾದು ನೀಲಿಗೆ ತಿರುಗುತ್ತೆ. ನೀಲಿಯಾಯ್ತು ಅಂದ್ರೆ ಹದ ಹೋಯ್ತು, ನಾಕು ದಿನಕ್ಕೆ ಮೊಂಡು. ಕೈಯಲ್ಲಿ ಕಲ್ಲಿಗೆ ಉಜ್ಜಿದ್ರೆ ಆ ಭಯ ಇಲ್ಲ.

ಹಂಗಾದ್ರೆ ಮನೇಲೇ ಮಾಡೋದು ಹೆಂಗೆ? ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರಬಾರ್ದು. ಚಾಕು ನೆಟ್ಟಗೆ ನಿಂತ್ರೆ 90 ಡಿಗ್ರಿ, ಅರ್ಧ ಬಾಗಿಸಿದ್ರೆ 45, ಅದರ ಅರ್ಧಕ್ಕಿಂತ ಒಸಿ ಕಮ್ಮಿ ಬಾಗಿಸಿದ್ರೆ 20. ಆ ಓರೆ ಬದಲಾಗದಂಗೆ ಒರಟು ಮುಖದ ಮೇಲೆ ಒಂದೇ ಕಡೆ ಉಜ್ತಾ ಹೋಗಿ. ಆಚೆ ಬದಿಯಲ್ಲಿ ಅಂಚಿನುದ್ದಕ್ಕೂ ಕೂದಲಿನಂಥ ಒರಟು ಏಳುತ್ತೆ. ಬೆರಳನ್ನ ಅಲಗಿನಿಂದ ಆಚೆಗೆ ಎಳೆದ್ರೆ ಸಿಗುತ್ತೆ, ಅಂಚಿನುದ್ದಕ್ಕೆ ಮಾತ್ರ ಎಳೀಬೇಡಿ. ಆಗ ಮಗ್ಗುಲು ಬದಲಾಯಿಸಿ. ಆಮೇಲೆ ನುಣುಪು ಮುಖದ ಮೇಲೆ ಹಗುರವಾಗಿ ಎರಡೂ ಕಡೆ. ನುಣುಪು ಕಲ್ಲಿಲ್ದಿದ್ರೆ ಪಿಂಗಾಣಿ ಬಟ್ಟಲು ಬೋರಲು ಹಾಕಿ, ತಳದ ಹೊಳಪಿಲ್ಲದ ಉಂಗುರಕ್ಕೆ ಉಜ್ಜಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬೆನ್ನು ಮುಂದೆ ಅಂಚು ಹಿಂದೆ ಮಾಡಿ, ಹತ್ತಿಪ್ಪತ್ತು ಸಲ ಎಳೀರಿ. ಕ್ಷೌರದವರ ಹೊಳಪು ಬರೋದು ಇಲ್ಲೇ. ಬಿಸಿಲಿಗೆ ಹಿಡಿದಾಗ ಅಂಚಲ್ಲಿ ಬಿಳಿ ಮಿಂಚು ಕಂಡ್ರೆ ಅಲ್ಲಿನ್ನೂ ಮೊಂಡೈತೆ.

ಈಳಿಗೆಮಣೆಗೆ ಬೇರೆ ಕ್ರಮ. ಮಣೆ ಮೇಲೆ ಕಾಲಿಟ್ಟು ಗಟ್ಟಿ ಮಾಡ್ಕೊಂಡು, ಅಲಗಿನ ಹತ್ರಕ್ಕೆ ಕಲ್ಲನ್ನೇ ತಂದು, ಬೆನ್ನಿನಿಂದ ಅಂಚಿನ ಆಚೆಗೆ ಎಳೀಬೇಕು. ಅಂಚಿನ ಕಡೆಗೆ ಕೈ ತರಬಾರ್ದು. ಮಕ್ಕಳು ಸ್ಕೂಲಿಗೆ ಹೋದ ಹೊತ್ತೇ ಸರಿ.

ಹೆದ್ರಬೇಡಿ. ಕೈ ಕುಯ್ಯೋದು ಜಾಸ್ತಿ ಮೊಂಡು ಅಲಗೇ. ಕುಂಬಳಕಾಯಿ ಮೇಲೆ ಕೂರದೆ ಜಾರಿ ಬೆರಳಿಗೆ ಬರುತ್ತೆ. ಆಯುಧಪೂಜೆಗೆ ಮಚ್ಚು, ಈಳಿಗೆಮಣೆ ತೊಳೆದು ಕುಂಕುಮ ಇಡ್ತೀವಲ್ಲ, ಈ ವರ್ಷ ಹಿಂದಿನ ದಿನವೇ ಕಲ್ಲಿಗೆ ಉಜ್ಜಿ ಇಡಿ. ಅಟ್ಟದ ಮೇಲಿಂದೂ ಇಳಿಸಿ. ತುಕ್ಕಿನ ಕೆಳಗೆ ಹಳೇ ಉಕ್ಕು ಹಂಗೇ ಇರುತ್ತೆ. ಮಸೆದು, ಒರೆಸಿ, ಒಂದು ತೊಟ್ಟು ಹರಳೆಣ್ಣೆ ಸವರಿದ್ರೆ ಸೊಸೆ ಕಾಲಕ್ಕೂ ಆಗುತ್ತೆ.