ಗುರುತಿನ ಮುಖ, ಹೊಸ ಪಾತ್ರ

ತೆರೆಯ ಮೇಲೆ ವಜ್ರಮುನಿ ಬಂದು ನಿಂತರೆ ಸಾಕು, ಟೆಂಟ್ ಸಿನಿಮಾದ ಮುಂದಿನ ಸಾಲಿಗೂ ತಿಳಿದುಬಿಡುತ್ತಿತ್ತು: ಈ ಮನೆಗೆ ಕೇಡು ಕಾದಿದೆ. ಕಥೆ ಇನ್ನೂ ಬಾಯಿಬಿಟ್ಟಿಲ್ಲ, ಮುಖವೇ ಎಲ್ಲ ಹೇಳಿ ಮುಗಿಸಿದೆ. ಪರಿಚಿತ ನಟನನ್ನು ಗುರುತು ಹಿಡಿದ ನೋಡುಗ ಹಿಂದೆ ಕಂಡ ಸಿನಿಮಾಗಳ ನೆನಪನ್ನೆಲ್ಲ ಗಂಟು ಕಟ್ಟಿಕೊಂಡು ಹೊಸದರೊಳಗೆ ಕಾಲಿಡುತ್ತಾನೆ. ಆ ಗಂಟನ್ನು ಬಿಚ್ಚಿಯೋ ಮುಚ್ಚಿಯೋ ಕಥೆ ಹೇಳುವುದನ್ನು ನಮ್ಮ ಚಿತ್ರರಂಗ ಒಂಬತ್ತು ದಶಕಗಳಿಂದ ಕಲಿಯುತ್ತ ಬಂದಿದೆ.

ಈ ಗುರುತು ಶುರುವಾದದ್ದು ಕಂಪನಿ ನಾಟಕಗಳಲ್ಲಿ. 1934ರಲ್ಲಿ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಬಂದಾಗ ಇಂದ್ರಜಿತುವಾಗಿ ನಿಂತ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾಯರು ನಾಟಕಪ್ರಿಯರಿಗೆ ಆಗಲೇ ಗೊತ್ತಿದ್ದವರು. ಮಾಧ್ಯಮ ಹೊಸದು, ಮುಖ ಹಳೆಯದು. ಆ ಸಲುಗೆಯೇ ಜನರನ್ನು ಟಾಕಿಯ ಹೊಸಿಲು ದಾಟಿಸಿತು.

1954ರ ‘ಬೇಡರ ಕಣ್ಣಪ್ಪ’ದಿಂದ ಗುರುತಿಗೆ ಬೇರೆಯೇ ತೂಕ ಬಂತು. ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ್ ಇಲ್ಲಿ ರಾಜ್‌ಕುಮಾರ್ ಆದರು. ಭಕ್ತರ, ಅರಸರ ಪಾತ್ರಗಳಲ್ಲಿ ನಂಬಿಕೆ ಗಳಿಸಿದ ಮುಖವೇ 1968ರ ‘ಜೇಡರ ಬಲೆ’ಯಲ್ಲಿ ಸಿಐಡಿ 999 ಆಗಿ ಪಿಸ್ತೂಲು ಹಿಡಿಯಿತು. ಪೇಟೆಯ ಪತ್ತೇದಾರನನ್ನೂ ಜನ ಮನೆಮಗನಂತೆ ಒಪ್ಪಿಕೊಂಡರು. ಅವನು ಎಲ್ಲಿಗೆ ಹೋದರೂ ಅಣ್ಣಾವ್ರ ಮೇಲಿನ ಭರವಸೆ ಅವನ ಬೆನ್ನಿಗಿತ್ತು. ನರಸಿಂಹರಾಜು ತೆರೆಗೆ ಬಂದೊಡನೆ ನಗು ಉಕ್ಕುತ್ತಿದ್ದುದೂ ಇದೇ ಬಗೆಯ ಒಪ್ಪಂದ.

ಈ ಒಪ್ಪಂದಕ್ಕೆ ಹೊಸ ಅಲೆಯ ಚಿತ್ರಗಳು ಸಹಿ ಹಾಕಲಿಲ್ಲ. 1970ರ ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರಾದದ್ದು ಅದೇ ಮೊದಲ ಸಲ ಸಿನಿಮಾಕ್ಕೆ ಬಣ್ಣ ಹಚ್ಚಿದ ಗಿರೀಶ ಕಾರ್ನಾಡರು, ನಾರಣಪ್ಪನಾದದ್ದು ಸಾಹಿತಿ ಪಿ. ಲಂಕೇಶ್. ಆಚಾರ್ಯರು ಮುಂದೇನು ಮಾಡಿಯಾರು ಎಂದು ಊಹಿಸಲು ಪ್ರೇಕ್ಷಕನ ಬಳಿ ಹಿಂದಿನ ಸಿನಿಮಾದ ಸುಳಿವೇ ಇರಲಿಲ್ಲ. ಅವರ ಗೊಂದಲವನ್ನು ಅವರ ಜೊತೆಗೇ ಅನುಭವಿಸಬೇಕಾಯಿತು.

ಈ ಎರಡೂ ದಾರಿಗಳು 2016ರಲ್ಲಿ ಅಕ್ಕಪಕ್ಕದಲ್ಲೇ ಕಂಡವು. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟಿಸಿದರು. ಗಡ್ಡಪ್ಪ ಬೀಡಿ ಸೇದುತ್ತ ಹೊಲದ ಬದುವಿನಲ್ಲಿ ನಡೆಯುವಾಗ ನಟನೊಬ್ಬ ನೆನಪಾಗುವುದಿಲ್ಲ, ನಮ್ಮೂರಿನ ಯಾವುದೋ ಅಜ್ಜ ನೆನಪಾಗುತ್ತಾನೆ. ಆದರೆ ಗೆಲುವಿನ ಬೆನ್ನಿಗೇ ಅದೇ ಮುಖಗಳು ಬೇರೆ ಚಿತ್ರಗಳಲ್ಲೂ ಕಾಣಿಸಿಕೊಂಡವು; ಅಪರಿಚಿತತೆ ಒಮ್ಮೆ ಮಾತ್ರ ಸಿಗುವ ಬಂಡವಾಳ.

ಅದೇ ವರ್ಷದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನನಗೆ ಈ ಇಡೀ ಚರಿತ್ರೆಯ ಶಿಖರದಂತೆ ತೋರುತ್ತದೆ. ಮರೆವಿನ ಕಾಯಿಲೆಯ ವೆಂಕೋಬರಾಯರು ಬೆಂಗಳೂರಿನಲ್ಲಿ ಕಳೆದುಹೋಗುತ್ತಾರೆ. ಮಗ ಕೊಡುವ ‘ಕಾಣೆಯಾಗಿದ್ದಾರೆ’ ವಿವರದಲ್ಲಿರುವುದು ಯಾರಿಗಾದರೂ ಒಪ್ಪುವ ನಾಲ್ಕು ಪದ, ಅದೇ ಚಿತ್ರದ ಹೆಸರು. ಆದರೆ ಆ ಮುಖ ಅನಂತ್ ನಾಗ್ ಅವರದು. 1975ರ ‘ಹಂಸಗೀತೆ’ಯಿಂದ ನೋಡುತ್ತ, ಜೊತೆಗೇ ವಯಸ್ಸಾಗುತ್ತ ಬಂದವರು ನಾವು. ರಾಯರು ಹೆಂಡತಿಯೊಡನೆ ಕಳೆದ ಹರೆಯದ ದಿನಗಳನ್ನು ಹೇಳತೊಡಗಿದರೆ, ಎಂಬತ್ತರ ದಶಕದ ಆ ಪ್ರೇಮಿಯ ನಗು ನಮ್ಮ ಕಣ್ಣಮುಂದೆ ತಾನಾಗಿ ಸುಳಿಯುತ್ತದೆ. ನಾಡಿಗೆಲ್ಲ ಗೊತ್ತಿರುವವರನ್ನು ಕಥೆಯೊಳಗಿನ ಬೀದಿ ಗುರುತಿಸದೆ ದಾಟಿಹೋಗುವಾಗ, ‘ಇವರು ನಮ್ಮವರು’ ಎಂದು ಕೂಗಬೇಕೆನಿಸುತ್ತದೆ. ರಾಯರು ಕಳೆದುಕೊಂಡ ನೆನಪನ್ನು ಅವರ ಪರವಾಗಿ ನಾವು ಕಾಯುತ್ತಿರುತ್ತೇವೆ.

ಮುಖಕ್ಕಷ್ಟೇ ಅಲ್ಲ, ದನಿಗೂ ಇಂಥ ಗುರುತುಂಟು. 2022ರ ಮಾರ್ಚ್ 17ರಂದು, ಅಗಲಿದ ಪುನೀತ್ ರಾಜ್‌ಕುಮಾರ್ ಅವರ ಹುಟ್ಟುಹಬ್ಬದ ದಿನ, ‘ಜೇಮ್ಸ್’ ತೆರೆಕಂಡಿತು. ಡಬ್ಬಿಂಗ್ ಮುಗಿಯುವ ಮೊದಲೇ ಅಪ್ಪು ಹೋಗಿದ್ದರಿಂದ ಪಾತ್ರಕ್ಕೆ ದನಿಯಾದವರು ಅಣ್ಣ ಶಿವರಾಜ್‌ಕುಮಾರ್. ತಮ್ಮನ ತುಟಿ ಆಡಿದಾಗ ಅಣ್ಣನ ದನಿ ಕೇಳಿತು. ಎರಡನ್ನೂ ಬಲ್ಲ ಕಿವಿ ಕಣ್ಣುಗಳಿಗೆ ಜೇಮ್ಸ್‌ನ ಕಥೆಯ ಜೊತೆಗೆ ಒಂದು ಮನೆಯ ಸಂಕಟವೂ ದಾಟಿತು. ಚಿತ್ರಕಥೆಯಲ್ಲಿ ಯಾರೂ ಬರೆಯದ ಆ ಸಾಲು ನೋಡುಗರ ಎದೆಯಲ್ಲಿ ಮೊದಲೇ ಇತ್ತು.